ಡರ್ಬಿಯ ತಕ್ಕಡಿಯಲ್ಲಿ ಔರಾದಿನ ಟಗರು

ಔರಾದ

ವಿದೇಶಕ್ಕೆ ಹೋಗಿ ಬಂದವರು ಅರಮನೆ ನೋಡಿದೆವು, ಹಿಮ ನೋಡಿದೆವು ಎನ್ನುತ್ತಾರೆ. ನಾನು ಇಂಗ್ಲೆಂಡಿನಲ್ಲಿ ಹನ್ನೆರಡು ದಿನ ಇದ್ದು ಸರಿಯಾಗಿ ನೋಡಿ ಬಂದದ್ದು ಒಂದು ತೂಕದ ಯಂತ್ರ, ಕಾರು ನಿಲ್ಲಿಸುವ ಒಂದು ಜಾಗ ಮತ್ತು ನನ್ನ ಸೋದರಮಾವನ ಹಟ. ಹಟ ನೋಡಲು ಅಷ್ಟು ದೂರ ಯಾಕೆ ಹೋಗಬೇಕಿತ್ತು, ಅದು ಔರಾದಿನಲ್ಲೇ ಸಿಗುತ್ತದಲ್ಲ ಎಂದು ನನ್ನ ಗಂಡ ಕೇಳುತ್ತಾರೆ. ಕೇಳುವುದು ಸುಲಭ. ಜೊತೆಗೆ ಬಂದಿದ್ದರೆ ಗೊತ್ತಾಗುತ್ತಿತ್ತು.

ನಾನು ಬೀದರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ವರ್ಕ್‌ಶಾಪ್ ಕಲಿಸುವವಳು. ಇಪ್ಪತ್ತಾರು ವರ್ಷದಿಂದ ಮಕ್ಕಳ ಕೈಗೆ ಅರ ಕೊಟ್ಟು ಕಬ್ಬಿಣ ಉಜ್ಜಿಸುತ್ತಿದ್ದೇನೆ. ಒಮ್ಮೆ ನಮ್ಮ ವಿದ್ಯಾರ್ಥಿಗಳು ಹೈದರಾಬಾದಿಗೆ ಹೋಗಿ ಕಾದಾಡುವ ರೋಬೋಟುಗಳ ಸ್ಪರ್ಧೆಯಲ್ಲಿ ಸೋತು ಬಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ರಿಮೋಟಿನಿಂದ ಓಡುವ ಎರಡು ಸಣ್ಣ ಯಂತ್ರಗಳನ್ನು ಗಾಜಿನಂಥ ದೊಡ್ಡ ಪೆಟ್ಟಿಗೆಯೊಳಗೆ ಬಿಡುತ್ತಾರೆ. ಮೂರು ನಿಮಿಷ ಅವು ಒಂದನ್ನೊಂದು ಹೊಡೆಯುತ್ತವೆ. ಅಲುಗಾಡಲಾರದೆ ನಿಂತದ್ದು ಸೋತಂತೆ. ನಮ್ಮವರ ಯಂತ್ರ ಮೊದಲ ಏಟಿಗೇ ಜೋಡಣೆಯಲ್ಲಿ ಬಾಯಿ ಬಿಟ್ಟಿತ್ತು. ನಾನು ಚೆನ್ನಾಗಿ ಬಯ್ದೆ. ಅವರಲ್ಲಿ ಒಬ್ಬಳು, "ಮೇಡಂ, ನೀವೇ ಒಂದು ಮಾಡಿ ತೋರಸ್ರಿ, ನಾವು ನೋಡ್ತೇವಿ" ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಯ್ಯುವ ಬಾಯಿ ಇದ್ದವಳಿಗೆ ಮಾಡುವ ಕೈಯೂ ಇದೆ ಎಂದು ತೋರಿಸಬೇಕಾಯಿತು.

ನನ್ನ ತಂಗಿ ಪ್ರಜ್ಞಾ ಇಂಗ್ಲೆಂಡಿನ ಡರ್ಬಿ ಊರಿನಲ್ಲಿ ನರ್ಸು. ಅವಳ ಮನೆಯ ಹಿಂದಿನ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಇದೇ ಕಾದಾಟ ನಡೆಯುತ್ತದಂತೆ. ಯಾರು ಬೇಕಾದರೂ ಹೆಸರು ಕೊಡಬಹುದು. ಯಂತ್ರದ ತೂಕ ಒಂದೂವರೆ ಕಿಲೋ ಮೀರಬಾರದು, ಅಷ್ಟೆ. ತಂಗಿ ಹೇಗೂ ಬಾ ಬಾ ಎನ್ನುತ್ತಲೇ ಇದ್ದಳು. ಹೆಸರು ಕೊಟ್ಟೆ. ವೆಲ್ಡಿಂಗ್ ಮಾಡಿಸಲು ಔರಾದಿಗೆ, ಅವ್ವನ ತಮ್ಮ ಘಾಳೆಪ್ಪ ಮಾಮಾನ ಅಂಗಡಿಗೆ ಹೋದೆ. ನನ್ನ ಹೈರಾಣು ಶುರುವಾದದ್ದು ಅಲ್ಲಿಂದ.

ಮಾಮಾನ ವಿಷಯ ಸ್ವಲ್ಪ ಹೇಳಬೇಕು. ಒಂದು ಕಾಲಕ್ಕೆ ಆ ತಾಲೂಕಿನ ಅರ್ಧ ಟ್ರ್ಯಾಕ್ಟರುಗಳ ಟ್ರಾಲಿ ಕೊಂಡಿ ಅವನ ಕೈಯವೇ ಆಗಿದ್ದವು. ಎರಡು ವರ್ಷದ ಹಿಂದೆ, ಅವನು ಬೆಸೆದ ಒಂದು ಕೊಂಡಿ ಠಾಣಾ ಕುಶನೂರಿನ ಏರಿನಲ್ಲಿ ಕಳಚಿಕೊಂಡಿತು. ಶಿವರಾಜ ಎಂಬವರ ಟ್ರಾಲಿ ಸೋಯಾ ಚೀಲಗಳ ಸಮೇತ ಹಿಂದಕ್ಕೆ ಉರುಳಿ ಹಳ್ಳಕ್ಕೆ ಬಿತ್ತು. ಪುಣ್ಯಕ್ಕೆ ಮೇಲೆ ಯಾರೂ ಕುಳಿತಿರಲಿಲ್ಲ. ಚೀಲ ಹೆಚ್ಚು ಹೇರಿದ್ದರು ಎಂದು ಮಾಮಾ ಎಲ್ಲರಿಗೂ ಹೇಳಿದ. ಜನ ಎದುರು ಮಾತಾಡಲಿಲ್ಲ, ಭಾರ ಎಳೆಯುವ ಕೆಲಸವನ್ನೂ ಮತ್ತೆ ತರಲಿಲ್ಲ. ಈಗ ಅವನಲ್ಲಿಗೆ ಬರುವುದು ಕಿಟಕಿ, ಗೇಟು, ಕೊಡ ಇಡುವ ಸ್ಟ್ಯಾಂಡು. ಅಂದಿನಿಂದ ಅವನು ಏನೇ ಬೆಸೆದರೂ ಎರಡು ಸುತ್ತು ಹಾಕುತ್ತಾನೆ: ಮೊದಲು ಒಂದು ಸುತ್ತು, ಅದರ ಮೇಲೆ ಇನ್ನೊಂದು ದಪ್ಪ ಸುತ್ತು. ಹೂವಿನ ಕುಂಡದ ಸ್ಟ್ಯಾಂಡಿಗೂ ಎರಡು ಸುತ್ತು.

ನಾನು ರೋಬೋಟಿನ ವಿಷಯ ಹೇಳಿದೆ.

"ಅದನ್ನ ಹೊಡಿತಾರ?" ಎಂದ.

"ಹೊಡಿತಾರ ಮಾಮಾ. ಬಿಚ್ಚಿ ಹೋಗೋ ತನಕಾ ಹೊಡಿತಾರ."

"ನಾಕು ಮಂದಿ ಮುಂದ?"

"ನೂರು ಮಂದಿ ಮುಂದ."

ಮಾಮಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಹಂಗಾರ ನಾನೂ ಬರ್ತೇನಿ. ನಾ ಹಾಕಿದ ವೆಲ್ಡಿಂಗ್ ಅಲ್ಲಿ ಬಿಡ್ತಂದ್ರ, ಬಂದ ಮ್ಯಾಲ ಈ ಶಟರ್ ಇಳಸ್ತೇನಿ, ಮತ್ತ ಏರ್ಸಂಗಿಲ್ಲ."

ಹೀಗೆ ಒಂದು ಆಟದ ಯಂತ್ರದ ಮೇಲೆ ಒಬ್ಬ ಮನುಷ್ಯನ ನಲವತ್ತು ವರ್ಷದ ಕಸುಬು ಬಂದು ಕುಳಿತಿತು. ನಾನು ಬೇಡ ಎಂದೆ. ಕೇಳುವವರು ಯಾರು?

ಬೀದರ

ಖರ್ಚಿಲ್ಲದೆ ಮಾಡಬೇಕೆಂಬುದು ನನ್ನ ಹಟ. ಹಟ ನಮ್ಮ ಮನೆತನದ್ದೇ, ಒಪ್ಪುತ್ತೇನೆ. ಮೈಗೆ, ಕಾಳು ಒಕ್ಕುವ ಹಳೆಯ ರಾಶಿ ಮಷಿನ್ನಿನ ಜಾಳಿಗೆ ತಗಡು ತಂದೆ. ಅದರ ತುಂಬ ಸೋಯಾ ಕಾಳು ಉದುರುವಷ್ಟು ತೂತುಗಳಿರುವುದರಿಂದ ಹಗುರ. ಮುಂದೆ ಗರಗರ ತಿರುಗಿ ಹೊಡೆಯುವ ಅಲಗನ್ನು ಟ್ರ್ಯಾಕ್ಟರಿನ ಹಿಂದೆ ಮಣ್ಣು ಪುಡಿ ಮಾಡುವ ರೋಟಾವೇಟರಿನ ಸವೆದ ಬ್ಲೇಡಿನಿಂದ ಕತ್ತರಿಸಿದೆ. ಅದನ್ನು ತಿರುಗಿಸುವ ಮೋಟಾರು, ಒಂದು ಮದುವೆಯಲ್ಲಿ ಶಾಮಿಯಾನಾಕ್ಕೆ ಸಿಕ್ಕು ಬಿದ್ದು ಸತ್ತ ವಿಡಿಯೋದವರ ಡ್ರೋನಿನದು. ಚಕ್ರಗಳಿಗೆ ನನ್ನ ಬಲಗಾಲಿನ ಹವಾಯಿ ಚಪ್ಪಲಿಯನ್ನು ದುಂಡಗೆ ಕೊಯ್ದೆ. ಎಡಗಾಲಿನದು ಇನ್ನೂ ಬಾಗಿಲ ಹಿಂದೆ ಒಂಟಿಯಾಗಿ ಬಿದ್ದಿದೆ, ಎಸೆಯಲು ಮನಸ್ಸಿಲ್ಲ. ಹೊಸದಾಗಿ ತಂದದ್ದು ಬ್ಯಾಟರಿ ಮತ್ತು ರಿಮೋಟು ಮಾತ್ರ.

ಕಾಲೇಜಿನ ಅಂಗಳದಲ್ಲಿ ಮೊದಲ ಸಲ ಚಾಲೂ ಮಾಡಿದಾಗ ಅಲಗು ತಿರುಗಿತು, ಅಲಗಿನ ಜೊತೆ ಯಂತ್ರವೂ ತಿರುಗಿ ಅಂಗಾತ ಬಿತ್ತು. ಎರಡನೆಯ ಸಲ ನೆಟ್ಟಗೆ ಓಡಿ ಪ್ರಿನ್ಸಿಪಾಲರ ಸ್ಕೂಟರಿನ ಮಡ್‌ಗಾರ್ಡಿಗೆ ಹೊಡೆಯಿತು. ಆ ಹೊತ್ತಿಗೆ ಯಂತ್ರಕ್ಕೆ ಟಗರು ಎಂದು ಹೆಸರಾಗಿತ್ತು. ಮಾಮಾ ಔರಾದಿನಲ್ಲಿ ಅದರ ಹದಿನಾಲ್ಕು ಜೋಡಣೆಗಳನ್ನೂ ಎರಡೆರಡು ಸುತ್ತು ಬೆಸೆದದ್ದಲ್ಲದೆ, ಯಾರೂ ಕೇಳದೆ ಎರಡು ಕೋಡುಗಳನ್ನೂ ಬೆಸೆದು ಕಳಿಸಿದ್ದ.

"ಕೋಡು ಯಾಕ ಮಾಮಾ? ತೂಕ ಹೆಚ್ಚಾಗ್ತದ."

"ಕೋಡಿಲ್ಲದ ಟಗರು ಎಲ್ಲ್ಯಾರ ಅದ ಏನು?"

ಭಾಲ್ಕಿ

ಇಲ್ಲಿ ನಾನು ನನ್ನ ಜೀವನದ ದೊಡ್ಡ ದಡ್ಡತನ ಮಾಡಿದೆ. ತೂಕದ ವಿಷಯದಲ್ಲಿ ಮಕ್ಕಳಿಗೆ ಪಾಠ ಹೇಳುವವಳು ನಾನು. ಆದರೆ ನಮ್ಮ ಕಾಲೇಜಿನ ಒಳ್ಳೆಯ ತೂಕದ ಯಂತ್ರ ಬೀರುವಿನಲ್ಲಿತ್ತು, ಬೀರುವಿನ ಕೀಲಿ ರಜೆಯ ಮೇಲಿತ್ತು. ಹೊರಡುವ ಮುನ್ನ ಅವ್ವನಿಗೆ ಹೇಳಿ ಬರಲು ಖಟಕ ಚಿಂಚೋಳಿಗೆ ಹೊರಟಿದ್ದೆವು; ಟಗರು ಚೀಲದಲ್ಲೇ ಇತ್ತು. ಭಾಲ್ಕಿಯಲ್ಲಿ ಬಸ್ಸು ಬದಲಿಸುವಾಗ ಮಾಮಾ ಹೇಳಿದ:

"ಅಡತಿ ಅಂಗಡಿ ಕಾಂಟಾದಾಗ ಇಡು. ಭಾಲ್ಕಿ ತೊಗರಿ ಎಲ್ಲಾ ಅದರ ಮ್ಯಾಲೇ ಹೋಗ್ತದ. ಅದಕ್ಕಿಂತ ದೊಡ್ಡ ಕಾಂಟಾ ಯಾವದದ?"

ನನಗೂ ಸರಿ ಎನಿಸಿತು. ರೈತರ ಕಾಳು ತೂಗಿ ಕೊಳ್ಳುವ ಆ ಅಡತಿ ಅಂಗಡಿ ನನಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅವ್ವನ ಸೆರಗು ಹಿಡಿದು ಅಲ್ಲಿ ನಿಂತವಳೇ ನಾನು. ಸುಗ್ಗಿ ಮುಗಿದ ಹೊಲಗಳಲ್ಲಿ ಅವ್ವ ತೊಗರಿ ಹಕ್ಕಲು ಆಯ್ದು, ಐದೋ ಆರೋ ಕಿಲೋ ಆದ ಮೇಲೆ ಗಂಟು ಕಟ್ಟಿ ತರುತ್ತಿದ್ದಳು. ಇಂಥ ಹೆಂಗಸರಿಗೆಂದೇ ಮೂಲೆಯಲ್ಲಿ ಕಾಂಟಾ ಎನ್ನುವ ಒಂದು ಸಣ್ಣ ತಕ್ಕಡಿ ಇದೆ. ಈಗ ಅದು ಕೆಂಪು ಅಂಕಿ ತೋರಿಸುವಂಥದ್ದು. ಟಗರನ್ನು ಅದರ ಮೇಲಿಟ್ಟೆ. ಸಾವಿರದ ನಾನೂರ ಎಂಬತ್ತು ಗ್ರಾಂ. ಇನ್ನೂ ಇಪ್ಪತ್ತು ಗ್ರಾಂ ಉಳಿದಿತ್ತು.

"ನೋಡಿದಿ? ಕೋಡೂ ಹಿಡೀತು" ಎಂದ ಮಾಮಾ.

ಅಡತಿಯ ಸಾವಕಾರರು ಗಾದಿಯಿಂದಲೇ, "ಏನ್ರಿ ಮೇಡಂ, ಕಬ್ಬಿಣದ ಟಗರು ಮಾರ್ಲತ್ತೀರೇನು?" ಎಂದು ನಕ್ಕರು. ನಾನೂ ನಕ್ಕೆ.

ಹೈದರಾಬಾದು, ವಿಮಾನ ನಿಲ್ದಾಣ

ಬ್ಯಾಟರಿ ಕೈಚೀಲದಲ್ಲಿ ಬರಬೇಕು, ಅಲಗು ದೊಡ್ಡ ಪೆಟ್ಟಿಗೆಯಲ್ಲಿ ಹೋಗಬೇಕು ಎಂದು ನಿಯಮ ಓದಿ, ಓದಿದ್ದನ್ನು ಬರೆದು, ಬರೆದದ್ದನ್ನು ಮಾಮಾನಿಗೆ ಮೂರು ಸಲ ಹೇಳಿದ್ದೆ. "ಏನಿದು ಅಂತ ಕೇಳಿದ್ರ ನೀ ಸುಮ್ನಿರು, ನಾ ಹೇಳ್ತೇನಿ" ಎಂದೂ ಹೇಳಿದ್ದೆ.

ಟಗರು ಕಡಕ್ ರೊಟ್ಟಿಯ ಡಬ್ಬಿ ಮತ್ತು ಶೇಂಗಾ ಹಿಂಡಿಯ ಪೊಟ್ಟಣದ ನಡುವೆ ಮಾಮಾನ ಧೋತರದಲ್ಲಿ ಸುತ್ತಿಕೊಂಡು ಮಲಗಿತ್ತು. ಪೆಟ್ಟಿಗೆ ತೆರೆಸಿದರು. ನಾನು ಕಾಗದ ತೆಗೆಯಲು ಬಗ್ಗಿದೆ. ಅಷ್ಟರಲ್ಲಿ ಭದ್ರತೆಯ ಮನುಷ್ಯ ಇದೇನು ಎಂದು ಹಿಂದಿಯಲ್ಲಿ ಕೇಳಿದ. ಮಾಮಾ ಎದೆ ಸೆಟೆಸಿ ನಮ್ಮ ಕಡೆಯ ದಖನಿಯಲ್ಲಿ, "ಲಡಾಯಿ ಕರ್ನೇ ಕಾ ಮಷಿನ್ ಹೈ ಸಾಬ್" ಎಂದ. ಯುದ್ಧ ಮಾಡುವ ಯಂತ್ರವಂತೆ!

ಅದಾದ ಮೇಲೆ ಒಂದೂವರೆ ತಾಸು ಏನಾಯಿತೆಂದು ವಿವರಿಸುವುದಿಲ್ಲ. ನಾಲ್ಕು ಜನ ಅಧಿಕಾರಿಗಳು ನನ್ನ ಚಪ್ಪಲಿಯ ಚಕ್ರಗಳನ್ನು ಒತ್ತಿ ನೋಡಿದರು. ಕಾಲೇಜಿನ ಪತ್ರ, ಸ್ಪರ್ಧೆಯ ಪತ್ರ, ತಂಗಿಯ ಪತ್ರ ಎಲ್ಲ ಓದಿದರು. ಕೊನೆಗೆ ಅವರಲ್ಲಿ ಹಿರಿಯರೊಬ್ಬರು ಕೋಡು ಮುಟ್ಟಿ ನೋಡಿ, ಬಿಟ್ಟುಬಿಡಿ ಎಂದರು. ವಿಮಾನದಲ್ಲಿ ಕುಳಿತ ಮೇಲೆ ನಾನು ದುಬೈ ಬರುವ ತನಕ ಮಾಮಾನ ಜೊತೆ ಮಾತಾಡಲಿಲ್ಲ. ಅವನು ಕಿಟಕಿಗೆ ಹಣೆ ಹಚ್ಚಿ ರೆಕ್ಕೆಯನ್ನೇ ನೋಡುತ್ತಿದ್ದ. "ಇದಕ್ಕ ವೆಲ್ಡಿಂಗೇ ಇಲ್ಲ ಸುನಂದಾ. ಎಲ್ಲಾ ರಿವೆಟ್ ಹೊಡದಾರ" ಎಂದು ಕಳವಳದಿಂದ ಹೇಳಿದ.

ಡರ್ಬಿ, ಎರಡನೆಯ ದಿನ

ತಂಗಿ ನಮಗೆ ಊರು ತೋರಿಸಲು ರಜೆ ಹಾಕಿದ್ದಳು. ತೋರಿಸುವುದು ಆಗಲಿಲ್ಲ. ಮಾಮಾ ಪ್ರತಿ ಮನೆಯ ಗೇಟಿನ ಮುಂದೆ ನಿಂತು ಬೆಸುಗೆ ನೋಡುತ್ತಿದ್ದ. ಬಸ್ ಸ್ಟಾಪಿನ ಕಂಬ, ಸೇತುವೆಯ ಕಟಾಂಜನ, ಸೈಕಲ್ ಕಟ್ಟುವ ಕಬ್ಬಿಣ, ಯಾವುದನ್ನೂ ಬಿಡಲಿಲ್ಲ. ಒಂದು ಮನೆಯ ಗೇಟಿನ ತಿರುಗಣಿ ಬಿಟ್ಟಿತ್ತು. ಬೆರಳಿನಿಂದ ಟಕ್ ಟಕ್ ಬಡಿದ. ಒಳಗಿಂದ ಒಬ್ಬ ಮುದುಕಿ ಬಂದು, ಕೊನೆಗೂ ಬಂದಿರಾ, ಕಳಿಸುತ್ತೇವೆಂದು ಹೇಳಿ ಮೂರು ವಾರವಾಯಿತು ಎಂದಳು. ರಿಪೇರಿಯವನು ಎಂದುಕೊಂಡಿದ್ದಳು ಪಾಪ. ನಾನು ಕ್ಷಮೆ ಕೇಳಿದೆ, ಅವಳು ಕ್ಷಮೆ ಕೇಳಿದಳು, ನಾನು ಮತ್ತೆ ಕೇಳಿದೆ. ಆ ದೇಶದಲ್ಲಿ ಕ್ಷಮೆ ಕೇಳುವುದು ಶುರುವಾದರೆ ಯಾರು ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ನಮ್ಮಲ್ಲಿ ಬಸ್ಸಿನಲ್ಲಿ ಕಾಲು ತುಳಿದವನು, ಕಾಲು ಯಾಕೆ ಅಲ್ಲಿ ಇಟ್ಟೀರಿ ಎಂದು ನಮ್ಮನ್ನೇ ಕೇಳುತ್ತಾನೆ. ಲೆಕ್ಕ ಅಲ್ಲಿಗೆ ಮುಗಿಯುತ್ತದೆ.

"ಮೂರು ವಾರ ಆದ್ರೂ ಬಂದಿಲ್ಲಂತ? ಹಂಗಾರ ಇಲ್ಲೂ ನಮ್ಮಂಥವರೇ ಇದ್ದಾರ" ಎಂದು ಮಾಮಾ ಸಮಾಧಾನಪಟ್ಟ.

ಡರ್ಬಿ, ಐದನೆಯ ದಿನ: ತಕ್ಕಡಿ

ಸ್ಪರ್ಧೆಯ ದಿನ ಬೆಳಗ್ಗೆ ಸಭಾಂಗಣದಲ್ಲಿ ಉದ್ದನೆಯ ಮೇಜುಗಳು, ಪ್ರತಿ ಮೇಜಿಗೆ ಒಂದು ಯಂತ್ರ. ಅಲ್ಲಿನ ಒಂದು ಪದ್ಧತಿ ನನ್ನ ತಲೆ ಕೆಡಿಸಿತು. ಇನ್ನೊಂದು ತಾಸಿಗೆ ಯಾರನ್ನು ಹೊಡೆದು ಚೂರು ಮಾಡಬೇಕೋ ಅವರ ಯಂತ್ರವನ್ನೇ ಕುಳಿತು ರಿಪೇರಿ ಮಾಡಿಕೊಡುತ್ತಾರೆ! ನಿಮಗೆ ಸ್ಕ್ರೂ ಬೇಕೇ, ವೈರು ಬೇಕೇ ಎಂದು ಎದುರಾಳಿಯೇ ಬಂದು ಕೇಳುತ್ತಾನೆ. ನಮ್ಮೂರ ಕಡೆ ಟಗರಿನ ಕಾಳಗದ ಮುಂಚೆ ಎದುರಿನವನಿಗೆ ಟಗರಿನ ಹಣೆ ಸಹ ತೋರಿಸುವುದಿಲ್ಲ, ಟವಲು ಮುಚ್ಚಿರುತ್ತಾರೆ. ಮಾಮಾ ಟಗರಿನ ಮೇಲೆ ಟವಲು ಮುಚ್ಚಿದ. ನಮ್ಮ ಮೊದಲ ಎದುರಾಳಿ ಗ್ರಹಾಂ ಎಂಬ ನಿವೃತ್ತ ಬಸ್ ಡ್ರೈವರು. ಆತ ಬಂದು, ನಿಮ್ಮ ರೋಬೋಟಿಗೆ ಚಳಿಯೇ ಎಂದು ವಿಚಾರಿಸಿದ.

ತೂಕ ನೋಡುವ ಮೇಜಿನಲ್ಲಿ ಹೆಲೆನ್ ಎಂಬ ಮಧ್ಯವಯಸ್ಸಿನ ಹೆಂಗಸು. ಟಗರನ್ನು ಎರಡೂ ಕೈಯಲ್ಲಿ ಎತ್ತಿ ಮಗುವನ್ನು ಮಲಗಿಸುವಂತೆ ಯಂತ್ರದ ಮೇಲಿಟ್ಟಳು. ಸಾವಿರದ ಐನೂರ ನಲವತ್ತನಾಲ್ಕು.

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಅದೇ ಅಂಕಿ. ದಯವಿಟ್ಟು ಇನ್ನೊಮ್ಮೆ ಎಂದೆ. ಇಟ್ಟಳು. ಅದೇ ಅಂಕಿ. ಬಹಳ ವಿಷಾದವಾಗುತ್ತದೆ, ನಲವತ್ತನಾಲ್ಕು ಗ್ರಾಂ ಹೆಚ್ಚಿದೆ, ಹನ್ನೊಂದು ಗಂಟೆಯೊಳಗೆ ಇಳಿಸಿಕೊಂಡು ಬನ್ನಿ, ಚಹಾ ಬೇಕೇ ಎಂದಳು. ಎಲ್ಲವನ್ನೂ ಒಂದೇ ದನಿಯಲ್ಲಿ.

"ಅವರ ಕಾಂಟಾನೇ ಸುಳ್ಳದ" ಎಂದ ಮಾಮಾ. "ಕೇಳು. ಖರೇ ತೂಕದ್ದು ಏನರ ಇದ್ದರ ಇಟ್ಟು ತೋರಸ್ರಿ ಅನ್ನು."

ನನಗೆ ನಾಚಿಕೆಯಾಗಿ ಸಾಯುವಂತಾಯಿತು, ಆದರೂ ಕೇಳಿದೆ. ಹೆಲೆನ್ ಒಂದಿಷ್ಟೂ ಬೇಸರ ಮಾಡಿಕೊಳ್ಳದೆ ಮೇಜಿನ ಕೆಳಗಿನಿಂದ ಹಿತ್ತಾಳೆಯ ಒಂದು ಕಿಲೋ ಬಟ್ಟು ತೆಗೆದು ಇಟ್ಟಳು. ಸಾವಿರ. ಒಂದು ಗ್ರಾಂ ಆಚೆ ಇಲ್ಲ, ಈಚೆ ಇಲ್ಲ.

ಮಾಮಾ ಬಹಳ ಹೊತ್ತು ಆ ಸಾವಿರವನ್ನು ನೋಡುತ್ತ ನಿಂತ. ನಾನು ಲೆಕ್ಕ ಹಾಕುತ್ತಿದ್ದೆ. ಭಾಲ್ಕಿಯ ಕಾಂಟಾ ಒಂದೂವರೆ ಕಿಲೋದಲ್ಲಿ ಅರವತ್ತನಾಲ್ಕು ಗ್ರಾಂ ನುಂಗಿತ್ತು. ರೈತನ ಕಾಳು ಕಡಿಮೆ ತೋರಿಸಲು ತಿದ್ದಿಟ್ಟ ಕಾಂಟಾ ಅದು. ಅದರ ಮೇಲೆ ನಾನು ಖುಷಿಯಿಂದ ನನ್ನ ಯಂತ್ರ ಇಟ್ಟು ಬಂದಿದ್ದೆ. ಅವ್ವನ ಹಕ್ಕಲು ತೊಗರಿಯ ಗಂಟು ಕಣ್ಣ ಮುಂದೆ ಬಂತು. ಬಗ್ಗಿ ಬಗ್ಗಿ ಒಂದೊಂದು ಕಾಯಿ ಆಯ್ದ ಬೆನ್ನು. ಆ ಮೂಲೆಯಲ್ಲಿ ಆಗ ಇದ್ದ ತಕ್ಕಡಿ ಎಷ್ಟು ನುಂಗಿತ್ತೋ. ಸಾವಿರಾರು ಮೈಲಿ ದೂರದ ಆ ಸಭಾಂಗಣದಲ್ಲಿ ನನಗೆ ಸಾವಕಾರರ ಆ ನಗು ನೆನಪಾಗಿ ಸಿಟ್ಟು ಉಕ್ಕಿತು.

ಕಾರು ನಿಲ್ಲಿಸುವ ಜಾಗ

ಕೋಡು ಕತ್ತರಿಸಿದರೆ ಹದಿನಾರು ಗ್ರಾಂ ಹೋಗುತ್ತದೆ. ಉಳಿದ ಇಪ್ಪತ್ತೆಂಟಕ್ಕೆ ಒಂದೇ ದಾರಿ: ಜೋಡಣೆಗಳ ಮೇಲೆ ಉಂಡೆ ಉಂಡೆಯಾಗಿ ಕುಳಿತಿದ್ದ ಎರಡನೆಯ ಸುತ್ತನ್ನು ಉಜ್ಜಿ ತೆಗೆಯಬೇಕು.

"ಅದನ್ನ ಮುಟ್ಟಬ್ಯಾ" ಎಂದ ಮಾಮಾ.

"ಮತ್ತೇನು ಮುಟ್ಲಿ? ಬ್ಯಾಟರಿ ತೆಗೀಲಿ? ಮೋಟಾರ್ ತೆಗೀಲಿ? ಕೈಯಿಂದ ನೂಕಿ ಕಳಸೋಣೇನು?"

"ಜಾಳಗಿ ಕತ್ತರಿಸು. ಸುತ್ತ ಮುಟ್ಟಬ್ಯಾ."

ಜಾಳಿಗೆ ಕತ್ತರಿಸಿದರೆ ಬ್ಯಾಟರಿ ಬಯಲಾಗುತ್ತದೆ, ಒಂದೇ ಏಟಿಗೆ ಬೆಂಕಿ. ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ. ಗಡಿಯಾರ ಹತ್ತೂಕಾಲು. ಗ್ರಹಾಂ ತನ್ನ ಕೈ ಗ್ರೈಂಡರನ್ನು ತಾನೇ ತಂದುಕೊಟ್ಟ. ಒಳಗೆ ಉಜ್ಜುವಂತಿಲ್ಲ, ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಹಳದಿ ಗೆರೆಯೊಳಗೆ ಮಾತ್ರ; ರಕ್ಷಣೆಯ ಕನ್ನಡಕ, ಕೈಗವಸು ಹಾಕಬೇಕು, ಒಂದು ಕಾಗದಕ್ಕೆ ಸಹಿಯನ್ನೂ ಮಾಡಬೇಕು. ನಲವತ್ತು ವರ್ಷ ಇಂಥದ್ದೇನೂ ಹಾಕದೆ ಗ್ರೈಂಡರ್ ಹಿಡಿದ ಮನುಷ್ಯನಿಗೆ ಆ ದೊಡ್ಡ ಕನ್ನಡಕ ಹಾಕಿಸಲು ಐದು ನಿಮಿಷ ಹೋಯಿತು. ಹಾಕಿಕೊಂಡ ಮೇಲೆ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ನನಗೆ ತಡೆಯಲಿಲ್ಲ. "ನಿನ್ನ ಮೊದಲನೇ ಸುತ್ತು ಘಟ್ಟಿ ಇಲ್ಲೇನು ಮಾಮಾ? ಅದು ಘಟ್ಟಿ ಇದ್ದರ ಎರಡನೇದು ಯಾಕ ಬೇಕು? ಇಲ್ಲಂದ್ರ ಇಲ್ಲೀ ತನಕಾ ಯಾಕ ಬಂದಿ?"

ಅವನು ಆ ದೊಡ್ಡ ಕನ್ನಡಕದೊಳಗಿಂದಲೇ ನನ್ನನ್ನು ನೋಡಿದ.

"ಕುಶನೂರ ಕೊಂಡಿ ಭಾರಕ್ಕ ಬಿಟ್ಟಿಲ್ಲ ಸುನಂದಾ."

"ಮತ್ತ?"

"ಮಳಿಗಾಲ. ವೆಲ್ಡಿಂಗ್ ರಾಡಿನ ಡಬ್ಬಿ ತೆರದೇ ಉಳದಿತ್ತು, ರಾಡ್ ಎಲ್ಲಾ ಹಸಿ ಆಗಿದ್ವು. ಒಣಗಸಬೇಕಿತ್ತು. ಶಿವರಾಜ ಜಲ್ದಿ ಜಲ್ದಿ ಅಂದ, ಹಾಕಿಬಿಟ್ಟೆ. ಪಟಪಟ ಸಿಡೀಲತ್ತಿತ್ತು. ಒಳಗ ಟೊಳ್ಳಾಗ್ಯಾದ ಅಂತ ಕಿವಿಗೇ ಗೊತ್ತಾತು. ಕಿತ್ತಿ ಮತ್ತ ಹಾಕ್ಬೇಕಿತ್ತು. ಹಾಕ್ಲಿಲ್ಲ. ಮ್ಯಾಲ ಇನ್ನೊಂದ ಸುತ್ತ ಚಂದಾಗಿ ಹಾಕಿ, ಬಣ್ಣ ಹಚ್ಚಿ ಕೊಟ್ಟೆ." ಕೈಗವಸು ಹಾಕಿದ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡ. "ಅವತ್ತಿನಿಂದ ಕೈ ತಾನೇ ಎರಡನೇ ಸುತ್ತ ಹಾಕ್ತದ. ಘಟ್ಟಿ ಆಗ್ಲಿ ಅಂತಲ್ಲ. ಒಳಗಿಂದು ನನಗೇ ಕಾಣಬಾರ್ದಂತ."

ಎರಡು ವರ್ಷ ಈ ಮನುಷ್ಯನ ಪರವಾಗಿ ನೆಂಟರ ಮುಂದೆಲ್ಲ ವಾದ ಮಾಡಿದವಳು ನಾನು. ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. ಯಾವುದನ್ನು ಮೊದಲು ಹೇಳಲಿ ಎಂದು ತಿಳಿಯದೆ, "ಇದರ ರಾಡ್ ಒಣಾ ಇದ್ವೇನು?" ಎಂದಷ್ಟೇ ಕೇಳಿದೆ.

"ಮೂರು ದಿನ ಬಿಸಲಿಗಿಟ್ಟಿದ್ದೆ."

"ಮತ್ತ ಹೆದರಿಕಿ ಯಾವುದರದ್ದು?"

ಮಾಮಾ ಎದ್ದ. ಮೊದಲು ಕೋಡುಗಳನ್ನು ಕತ್ತರಿಸಿದ. ಆಮೇಲೆ ಜೋಡಣೆಗಳಿಗೆ ಗ್ರೈಂಡರ್ ಹಚ್ಚಿದ. ಕಿಡಿಗಳು ಹಳದಿ ಗೆರೆ ದಾಟದಂತೆ ಗ್ರಹಾಂ ಒಂದು ರಟ್ಟು ಹಿಡಿದು ನಿಂತ. ಎರಡನೆಯ ಸುತ್ತು ಪುಡಿಯಾಗಿ ಉದುರಿದ ಮೇಲೆ ಮೊದಲನೆಯದು ಕಂಡಿತು. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒಂದೇ ಅಳತೆಯ ಗೆರೆ. ಅಷ್ಟು ಒಳ್ಳೆಯ ಬೆಸುಗೆಯನ್ನು ನಾನು ಮಕ್ಕಳಿಗೆ ಪುಸ್ತಕದ ಚಿತ್ರದಲ್ಲಿ ಮಾತ್ರ ತೋರಿಸಿದ್ದೆ.

ಹತ್ತು ಗಂಟೆ ಐವತ್ತೈದು ನಿಮಿಷಕ್ಕೆ ಹೆಲೆನ್ ಮತ್ತೆ ತೂಗಿದಳು. ಸಾವಿರದ ನಾನೂರ ತೊಂಬತ್ತೆಂಟು. ಟಗರಿನ ಬೆನ್ನಿಗೆ ಹಸಿರು ಚೀಟಿ ಅಂಟಿಸಿದಳು.

ಪೆಟ್ಟಿಗೆಯೊಳಗೆ

ಕಾದಾಟದ ವರ್ಣನೆ ಮಾಡುವಷ್ಟು ಹೊತ್ತು ಕಾದಾಟ ನಡೆಯಲಿಲ್ಲ. ಗ್ರಹಾಂನ ಯಂತ್ರದ ಮುಂದೆ ಗರಗರ ತಿರುಗುವ, ಹಲ್ಲುಗಳಿರುವ ಒಂದು ಉರುಳೆ. ಮೊದಲ ಏಟಿಗೆ ಟಗರು ಪೆಟ್ಟಿಗೆಯ ಮೂಲೆಗೆ ಹೋಗಿ ಬಿತ್ತು. ಎರಡನೆಯ ಏಟಿಗೆ ನನ್ನ ಅಲಗು ಅವನ ಉರುಳೆಗೆ ಸಿಕ್ಕು ಎರಡೂ ಕಿರ್ರೆಂದವು. ಜನ ಹೋ ಎಂದರು. ಮೂರನೆಯ ಏಟಿಗೆ ಟಗರು ನೇರ ಮೇಲೆ ಹಾರಿ ಛಾವಣಿಗೆ ಬಡಿದು ಧಡ್ ಎಂದು ಕೆಳಗೆ ಬಿತ್ತು. ಆ ಸದ್ದಿಗೆ ಮಾಮಾ ನನ್ನ ತೋಳು ಎಷ್ಟು ಬಿಗಿಯಾಗಿ ಹಿಡಿದನೆಂದರೆ ರಿಮೋಟು ಕೈತಪ್ಪಿತು. ಎತ್ತಿಕೊಂಡು ನೋಡಿದರೆ ಒಂದು ಚಪ್ಪಲಿ ಚಕ್ರ ಹೋಗಿದೆ, ಟಗರು ಒಂದೇ ಚಕ್ರದ ಮೇಲೆ ಗಾಣದ ಎತ್ತಿನಂತೆ ಇದ್ದಲ್ಲೇ ಸುತ್ತುತ್ತಿದೆ. ಇದ್ದಲ್ಲೇ ಸುತ್ತಿದರೆ ಅಲ್ಲಿ ಅದು ಓಡಿದಂತಲ್ಲ; ಹತ್ತು ಎಣಿಸಿದರು. ಸೋತೆವು.

ಗ್ರಹಾಂ ನಾಲ್ಕು ಸಲ ಕ್ಷಮೆ ಕೇಳಿದ. ಹೊಡೆಯಲೆಂದೇ ಬಂದು ಹೊಡೆದು, ಹೊಡೆದದ್ದಕ್ಕೆ ಕ್ಷಮೆ ಕೇಳುವವರಿಗೆ ಏನೆಂದು ಉತ್ತರ ಕೊಡಬೇಕು? ಪರವಾಗಿಲ್ಲ ಎಂದೆ. ನನಗೆ ಪರವಾ ಇತ್ತು. ಇಷ್ಟು ದೂರ ಬಂದು ಒಂದು ಚಪ್ಪಲಿ ಚೂರಿನಿಂದ ಸೋಲುವುದು!

ಮಾಮಾ ಯಾರ ಕಡೆಗೂ ನೋಡಲಿಲ್ಲ. ಟಗರನ್ನು ಮೇಜಿನ ಮೇಲೆ ಬೋರಲು ಹಾಕಿ ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ಜೋಡಣೆ ಕೆರೆಯುತ್ತ ಎಣಿಸಿದ. ಅಲಗು ಬಾಗಿತ್ತು, ಮೋಟಾರಿನ ತಳ ಬಿರಿದಿತ್ತು, ಜಾಳಿಗೆ ನುಗ್ಗಾಗಿತ್ತು. ಹದಿನಾಲ್ಕು ಜೋಡಣೆಗಳಲ್ಲಿ ಹದಿನಾಲ್ಕೂ ನೆಟ್ಟಗಿದ್ದವು.

"ಒಂದೇ ಸುತ್ತ ಇತ್ತಲ್ಲ" ಎಂದ, ಯಾರಿಗೋ ಎಂಬಂತೆ.

ಗ್ರಹಾಂ ಬಗ್ಗಿ ಬೆಸುಗೆ ನೋಡಿದ. ಇದನ್ನು ಕೈಯಲ್ಲೇ ಹಾಕಿದ್ದೇ ಎಂದು ಕೇಳಿ ತನ್ನ ಗೆಳೆಯರನ್ನು ಕರೆದು ತೋರಿಸಿದ. ಆಮೇಲೆ, ಹಗುರವಾಗಲು ಈ ತೂತುಗಳ ಅಳತೆಯನ್ನು ಹೇಗೆ ಲೆಕ್ಕ ಹಾಕಿದಿರಿ ಎಂದು ನನ್ನನ್ನು ಕೇಳಿದ. ಸೋಯಾ ಕಾಳಿನ ಅಳತೆ ಎಂದೆ. ಆತ ಗಂಭೀರವಾಗಿ ಪುಸ್ತಕದಲ್ಲಿ ಬರೆದುಕೊಂಡ. ಸೋತ ಸಿಟ್ಟು ಹಾಗೇ ಇತ್ತು, ಆದರೂ ನನಗೆ ತುಂಬ ಸಂತೋಷವಾಯಿತು.

ಮತ್ತೆ ಭಾಲ್ಕಿ

ಊರಿಗೆ ಬಂದ ವಾರದಲ್ಲಿ ಬೀರುವಿನ ಕೀಲಿಯೂ ರಜೆಯಿಂದ ಬಂತು. ಕಾಲೇಜಿನ ಒಂದು ಕಿಲೋ ಹಿತ್ತಾಳೆ ಬಟ್ಟನ್ನು ಸಹಿ ಮಾಡಿ ಪಡೆದು ಭಾಲ್ಕಿಗೆ ಹೋದೆ. ಮಾಮಾ ಔರಾದಿನಿಂದ ಬಂದು ಕೂಡಿಕೊಂಡ. ಮೂಲೆಯ ಕಾಂಟಾದ ಮುಂದೆ ಗಂಟು ಹಿಡಿದು ಐದಾರು ಹೆಂಗಸರು ನಿಂತಿದ್ದರು. ಅವರ ಎದುರಿಗೇ ಬಟ್ಟು ಇಟ್ಟೆ. ಒಂಬೈನೂರ ಐವತ್ತೆಂಟು.

"ಇದೇನ್ರಿ ಸಾವಕಾರ್ರೆ?"

"ಬ್ಯಾಟರಿ ಇಳದಿರಬೇಕ್ರಿ ಮೇಡಂ."

"ಬ್ಯಾಟರಿ ಇಳದ್ರ ಒಮ್ಮೆರ ಹೆಚ್ಚಿಗಿ ತೋರಸ್ಬೇಕಲ್ರಿ? ಯಾವಾಗ್ಲೂ ಕಡಿಮಿನೇ ಯಾಕ ತೋರಸ್ತದ?"

ಗಂಟು ಹಿಡಿದ ಹೆಂಗಸರು ಅಂಕಿ ನೋಡಿದರು, ಸಾವಕಾರರನ್ನು ನೋಡಿದರು. ಒಬ್ಬಾಕೆ ತನ್ನ ಗಂಟನ್ನು ಮತ್ತೆ ಬಗಲಿಗೆ ಎತ್ತಿಕೊಂಡಳು. ಸಾವಕಾರರು ಆಳಿಗೆ ಹೇಳಿ ಕಾಂಟಾವನ್ನು ಒಳಗೆ ಇಡಿಸಿದರು. ಈಗ ಹೊಸದು ಬಂದಿದೆಯಂತೆ. ಅದನ್ನೂ ನೋಡಿ ಬರಬೇಕು.

ಹೊರಗೆ ಬಂದ ಮೇಲೆ ಮಾಮಾ ಹೇಳಿದ: "ತಪ್ಪಾತು ಅಂತ ಒಂದ ಮಾತ ಅನ್ಲಿಲ್ಲ ನೋಡು ಅಂವ." ನಾಲ್ಕು ಹೆಜ್ಜೆ ನಡೆದ ಮೇಲೆ ನಿಂತು, "ಕುಶನೂರ ಬಸ್ ಎಷ್ಟಕ್ಕದ?" ಎಂದು ಕೇಳಿದ.

ಠಾಣಾ ಕುಶನೂರ, ಮತ್ತೆ ಔರಾದ

ಶಿವರಾಜರು ಕಟ್ಟೆಯ ಮೇಲೆ ಕುಳಿತು ಕೇಳಿದರು. ಹಸಿ ರಾಡು, ಟೊಳ್ಳು, ಮೇಲಿನ ಸುತ್ತು, ಬಣ್ಣ, ಏನನ್ನೂ ಮಾಮಾ ಮುಚ್ಚಿಡಲಿಲ್ಲ. ಕೇಳಿ ಮುಗಿದ ಮೇಲೆ ಅವರ ಮುಖ ಕೆಂಪಾಯಿತು.

"ಚೀಲ ಹೆಚ್ಚ ಹೇರ್ಯಾರ ಅಂತ ನೀವು ಊರೆಲ್ಲಾ ಹೇಳಿದ್ರಿ. ನಿಮ್ಮ ಮಾತ ಕೇಳಿ ನಾ ಇಪ್ಪತ್ತ ವರ್ಷದಿಂದ ನನ್ನ ಚೀಲ ಹೇರೋ ಹಮಾಲನ್ನ ಬೈದು ಕೆಲಸ ಬಿಡಿಸ್ದೆ. ಇಷ್ಟ ಹೇಳ್ಲಿಕ್ಕ ಎರಡ ವರ್ಷ ಬೇಕಾತೇನ್ರಿ?"

ಮಾಮಾ ತಲೆ ತಗ್ಗಿಸಿ, "ಬೇಕಾತು" ಎಂದ. ಅಂದು ಚಹಾ ಬರಲಿಲ್ಲ. ಮಾಮಾ ಅಲ್ಲಿಂದ ಆ ಹಮಾಲನ ಮನೆಗೂ ಹೋದ. ನಾನು ಹೊರಗೆ ನಿಂತಿದ್ದೆ. ಒಳಗೆ ಏನು ಮಾತಾಯಿತೋ ಇವತ್ತಿಗೂ ಹೇಳಿಲ್ಲ.

ತಿಂಗಳಾದ ಮೇಲೆ ನಾನು ಔರಾದಿನ ಅಂಗಡಿಯಲ್ಲಿದ್ದಾಗ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಹಿಂದೆ ಟ್ರಾಲಿ, ಕೊಂಡಿಯ ಬುಡದಲ್ಲಿ ಬಿರುಕು. ಶಿವರಾಜರು ಇಳಿಯದೆ ಮೇಲಿಂದಲೇ ಹೇಳಿದರು: "ಈ ಸಲ ಎರಡೂ ಸುತ್ತ ಘಟ್ಟಿ ಹಾಕ್ರಿ."

ಮಾಮಾ ರಾಡುಗಳನ್ನು ರೊಟ್ಟಿ ಹಂಚಿನ ಮೇಲೆ ಹರವಿ ಒಲೆಯ ಮೇಲಿಟ್ಟ. ಅವು ಕಾಯುವ ತನಕ ಕೊಂಡಿಯ ಹಳೆಯ ಬಿರುಕನ್ನು ಉಜ್ಜಿ ತೆಗೆದ. ಆಮೇಲೆ ಗೋಡೆಯ ಮೇಲಿದ್ದ, ವೆಲ್ಡಿಂಗ್ ನೋಡುವ ಎರಡನೆಯ ಕಪ್ಪು ಗಾಜನ್ನು ತೆಗೆದು ಶಿವರಾಜರ ಕಡೆ ಚಾಚಿದ.

"ಇಳೀರಿ. ಕಣ್ಣಿಗಿ ಹಿಡ್ಕೊಂಡು ನೋಡ್ಕೋತ ನಿಂದರ್ರಿ. ಒಳಗ ಹ್ಯಾಂಗ ಕೂಡ್ತದ ಅಂತ ನೋಡ್ರಿ."

ಶಿವರಾಜರು ಇಳಿದರು. ಇಬ್ಬರೂ ಕೊಂಡಿಯ ಮೇಲೆ ಬಗ್ಗಿದರು. ಮಾಮಾ ನಿಧಾನವಾಗಿ ಒಂದೇ ಸುತ್ತು ಹಾಕಿ ನಿಲ್ಲಿಸಿದ. ಬೆಸುಗೆಯ ಮೇಲೆ ಕಟ್ಟಿದ ಹೊಟ್ಟನ್ನು ಸುತ್ತಿಗೆಯಿಂದ ಕುಟ್ಟಿ ತೆಗೆದು, ಬ್ರಶ್ಶಿನಿಂದ ತಿಕ್ಕಿದ. ಶಿವರಾಜರು ಮೂಲೆಯಲ್ಲಿದ್ದ ಕೆಂಪು ಬಣ್ಣದ ಡಬ್ಬಿಯ ಕಡೆ ಕೈ ತೋರಿಸಿದರು.

"ಬಣ್ಣ ಬ್ಯಾಡ್ರಿ" ಎಂದ ಮಾಮಾ. "ಹಿಂಗೇ ಕಾಣ್ಲಿ."

ಟ್ರಾಲಿ ಬಣ್ಣವಿಲ್ಲದ ಕೊಂಡಿಯೊಂದಿಗೆ ಕುಶನೂರಿನ ರಸ್ತೆ ಹಿಡಿಯಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ಮಾಮಾ ಏರಿಸಿದ ಶಟರಿನ ಕೆಳಗೆ ನಿಂತು ನೋಡುತ್ತಿದ್ದ.